ತಡ ಮಾಡಿದ್ದು ನಾನು

ನಾನು ಒಂದು ಸರ್ವರ್. ಮೊಣಕಾಲೆತ್ತರದ ಕಪ್ಪು ತಗಡಿನ ಪೆಟ್ಟಿಗೆ. ನನ್ನ ಭಾಗಗಳು ಎಲ್ಲೆಲ್ಲಿಂದಲೋ ಬಂದವು. ಹುಬ್ಬಳ್ಳಿಯ ಒಂದು ಮಹಡಿಯ ಮೇಲೆ ಅವನ್ನೆಲ್ಲ ಜೋಡಿಸಿ, ತಿರುಪು ಬಿಗಿದು, ಕರೆಂಟು ಕೊಟ್ಟರು. ಫ್ಯಾನು ತಿರುಗಿತು. ಅದೇ ನನ್ನ ಹುಟ್ಟು. ಮರುವಾರ ಬೈಲಹೊಂಗಲದ ಕಡೆಯ ಒಂದು ಸಣ್ಣ ಆಂಬ್ಯುಲೆನ್ಸ್ ಸಂಸ್ಥೆಗೆ ನನ್ನನ್ನು ತಂದು ಮೇಜಿನ ಕೆಳಗೆ ಇಟ್ಟರು.

ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಬರೀ ಕಾಲುಗಳು. ಫೋನು ಎತ್ತುವ ಕಸ್ತೂರಿಯ ಹವಾಯಿ ಚಪ್ಪಲಿ, ವ್ಯವಸ್ಥಾಪಕ ಪಟ್ಟಣಶೆಟ್ಟಿಯವರ ಕಿರುಗುಟ್ಟುವ ಬೂಟು, ಇಂದುಮತಿ ಹೂಗಾರಳ ಬರಿಗಾಲು. ಕೂತ ಕೂಡಲೇ ಚಪ್ಪಲಿ ಬಿಚ್ಚಿ ಪಾದಗಳನ್ನು ನನ್ನ ಬೆಚ್ಚನೆಯ ಬದಿಗೆ ಒತ್ತಿಕೊಳ್ಳುವುದು ಅವಳ ರೂಢಿ.

ನನಗೆ ಕೆಲಸ ಕಲಿಸಿದವಳು ಇಂದುಮತಿ. ನನ್ನೊಳಗೆ ಓಡುವ ಪ್ರೋಗ್ರಾಮು ಪೂರ್ತಿ ಅವಳದೇ ಬರವಣಿಗೆ. ಯಾರಾದರೂ ಫೋನು ಮಾಡಿದರೆ ಕಸ್ತೂರಿ ವಿಳಾಸ ಟೈಪು ಮಾಡಿ ಗುಂಡಿ ಒತ್ತುತ್ತಾಳೆ. ಹತ್ತಿರದ ಆಂಬ್ಯುಲೆನ್ಸ್ ಯಾವುದೆಂದು ಹುಡುಕಿ ಅದರ ಚಾಲಕನಿಗೆ ಸುದ್ದಿ ಮುಟ್ಟಿಸುವುದು ನನ್ನ ಕೆಲಸ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿತ್ತು. ಇದರ ಜೊತೆ ಇನ್ನೊಂದು ಭಾರದ ಕೆಲಸವಿತ್ತು. ದಿನವೂ ಬೆಳಿಗ್ಗೆ ಹನ್ನೊಂದು ಗಂಟೆಗೆ, ಫೋನಿನಲ್ಲಿ ಆಡಿದ ಮಾತುಗಳ ಧ್ವನಿಮುದ್ರಣವನ್ನೆಲ್ಲ ಒಂದೇ ಗಂಟು ಕಟ್ಟಿ ದೊಡ್ಡ ಕಚೇರಿಗೆ ಕಳಿಸಬೇಕು. ಸಂಸ್ಥೆ ಶುರುವಾಗುವ ಅವಸರದಲ್ಲಿ ಇಂದುಮತಿ ಎರಡೂ ಕೆಲಸಗಳನ್ನು ಒಂದೇ ಥ್ರೆಡ್ಡಿಗೆ, ಎಂದರೆ ಒಂದೇ ಎಳೆಗೆ, ಪೋಣಿಸಿಬಿಟ್ಟಿದ್ದಳು. ಆ ಗಂಟು ಹೊರಟು ಮುಗಿಯುವ ತನಕ ನಾನು ಬೇರೆ ಏನನ್ನೂ ಮಾಡಲಾರದೆ ನಿಂತುಬಿಡುತ್ತಿದ್ದೆ.

ಮೊದಮೊದಲು ಎರಡು ಮೂರು ಸೆಕೆಂಡು. ಯಾರ ಗಮನಕ್ಕೂ ಬರಲಿಲ್ಲ. ವರ್ಷಗಳು ಕಳೆದವು, ಕರೆಗಳು ಹೆಚ್ಚಿದವು, ಗಂಟು ದೊಡ್ಡದಾಯಿತು. ಅರ್ಧ ನಿಮಿಷ ನಿಂತ ದಿನ ಇಂದುಮತಿ ಪಟ್ಟಣಶೆಟ್ಟಿಯವರಿಗೆ ಹೇಳಿದಳು: ಭಾರದ ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ಬೇರೊಂದು ಎಳೆಗೆ ಹಾಕಬೇಕು, ಒಂದು ವಾರ ಬಿಡುವು ಬೇಕು. ಹೊಸ ಗಾಡಿಗಳ ಉದ್ಘಾಟನೆ ಮುಗಿಯಲಿ ಎಂದರು ಅವರು. ಉದ್ಘಾಟನೆ ಮುಗಿಯಿತು. ಅವರೂ ಮರೆತರು. ಇಂದುಮತಿಯೂ ಮತ್ತೆ ಕೇಳಲಿಲ್ಲ. ನಾನು ನಿಲ್ಲುವ ಹೊತ್ತು ಬೆಳೆಯುತ್ತಲೇ ಹೋಯಿತು.

ಒಂದು ಮಂಗಳವಾರ, ಹನ್ನೊಂದು ಹೊಡೆದ ಮೇಲೆ, ಸಮೀಪದ ಹಳ್ಳಿಯಿಂದ ಫೋನು ಬಂತು. ಮಾಡಿದವನು ಫಕೀರಪ್ಪ ಬಡಿಗೇರ. ಬಾಗಿಲು ಕಿಟಕಿ ಮಾಡುವ ಬಡಗಿ. ಹೆಂಡತಿ ದೇವಕ್ಕನಿಗೆ ಎದೆನೋವು. ಆತನಿಗೆ ಹುಟ್ಟಿನಿಂದ ತೊದಲು. ಹೆದರಿಕೆಯಲ್ಲಿ ಊರಿನ ಹೆಸರಿನ ಮೊದಲ ಅಕ್ಷರವೇ ಹೊರಡಲೊಲ್ಲದು. ಹಿಂದಿನಿಂದ ಹೆಂಗಸಿನ ದನಿ ಕೇಳಿತು. "ಸಾವಕಾಶ ಹೇಳ್ರಿ. ನಾ ಅದೇನಿ."

ಆತ ಹೇಳಿದ. ಕಸ್ತೂರಿ ಗುಂಡಿ ಒತ್ತಿದಳು. ಗಂಟು ಆಗಲೇ ಹೊರಟಿತ್ತು, ನಾನು ನಿಂತಿದ್ದೆ. ಆಕೆ ಮತ್ತೆ ಒತ್ತಿದಳು, ಈಗ ಹೋದೀತು ಎಂದು ಕಾದಳು. ಪರದೆ ಅಲುಗಲಿಲ್ಲ. ಕಡೆಗೆ ಆಕೆಯ ಚಪ್ಪಲಿಗಳು ಅಂಗಳಕ್ಕೆ ಓಡಿದವು. ಕಣ್ಣಿಗೆ ಬಿದ್ದ ಗಾಡಿಯನ್ನೇ ಕಳಿಸಿದಳು. ಅಷ್ಟರಲ್ಲಿ ನಾಲ್ಕು ನಿಮಿಷ ಆಗಿತ್ತು. ಆಂಬ್ಯುಲೆನ್ಸ್ ಮುಟ್ಟಿದಾಗ ದೇವಕ್ಕ ಇರಲಿಲ್ಲ.

ಇಂದುಮತಿ ಮೂರು ದಿನ ಕೂತು ಪ್ರೋಗ್ರಾಮು ತಿದ್ದಿದಳು. ಧ್ವನಿಮುದ್ರಣದ ಗಂಟು ಈಗ ಹಿನ್ನೆಲೆಯ ಎಳೆಯಲ್ಲಿ ತನ್ನ ಪಾಡಿಗೆ ಸಾಗುತ್ತಿತ್ತು. ಮೊದಲಿನ ಎಳೆ ಫೋನು ಮಾಡಿದವರಿಗೆಂದೇ ಖಾಲಿಯಿರುತ್ತಿತ್ತು. ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಮೂರು ಕರೆ ಒಟ್ಟಿಗೆ ಬಂದವು, ಮೂರಕ್ಕೂ ಗಾಡಿ ತಕ್ಷಣ ಹೊರಟಿತು. ಕಸ್ತೂರಿ ಖುಷಿಯಿಂದ ಏನೋ ಅಂದಳು. ಇಂದುಮತಿಯ ಕಾಲ್ಬೆರಳುಗಳು ಮುದುರಿಕೊಂಡಿದ್ದವು.

ದೇವಕ್ಕನ ದಿನಕರ್ಮ ಮುಗಿಸಿ ಫಕೀರಪ್ಪ ಬಂದ. ಕಟ್ಟಿಗೆಯ ಹೊಟ್ಟು ಮೆತ್ತಿದ ಚಪ್ಪಲಿಗಳು ಬಾಗಿಲಲ್ಲೇ ನಿಂತವು. ಅಂದು ತಾನು ಆಡಿದ್ದನ್ನು ಒಮ್ಮೆ ಕೇಳಿಸುತ್ತೀರಾ ಎಂದು ಆತ ಬಹಳ ಹೊತ್ತು ತೆಗೆದುಕೊಂಡು ಕೇಳಿದ. ತನ್ನ ನಾಲಗೆ ಹೊರಳದೆ ತಡವಾಯಿತು, ಅದಕ್ಕೇ ಅವಳು ಹೋದಳು ಎಂದು ಆತ ನಂಬಿದ್ದ. ಅವತ್ತಿನಿಂದ ಮನೆಯಲ್ಲಿ ಯಾರೊಂದಿಗೂ ಮಾತಾಡಿರಲಿಲ್ಲವಂತೆ.

ಯಂತ್ರ ನಿಂತಿತ್ತೆಂದು ಹೊರಗಿನವರ ಮುಂದೆ ಬಾಯಿ ಬಿಡಕೂಡದು ಎಂದು ಪಟ್ಟಣಶೆಟ್ಟಿಯವರು ಮೊದಲೇ ತಾಕೀತು ಮಾಡಿದ್ದರು. ಅವರ ಬೂಟುಗಳು ಪಕ್ಕದಲ್ಲೇ ಇದ್ದವು. ಇಂದುಮತಿ ಧ್ವನಿಮುದ್ರಣ ಹಚ್ಚಿದಳು. ದೇವಕ್ಕನ ದನಿ ಬಂದಾಗ ಫಕೀರಪ್ಪ ನೆಲದ ಮೇಲೆ ಕುಸಿದು ಕೂತ. ಆಗ ಮೊದಲ ಸಲ ಆತನ ಮುಖ ಕಂಡೆ.

ಇಂದುಮತಿಯೂ ಕೆಳಗೆ ಇಳಿದು ಆತನ ಎದುರು ಕೂತಳು.

"ತಪ್ಪು ನಿಮ್ದಲ್ಲರಿ. ನೀವು ಹೇಳಾಕ ತಗೊಂಡದ್ದು ನಲವತ್ತು ಸೆಕೆಂಡ. ನಾಲ್ಕು ನಿಮಿಷ ನಿಂತದ್ದು ಈ ಮಷೀನು. ಇದು ನಿಲ್ಲೂಹಂಗ ಬರದಾಕಿ ನಾನು. ಗೊತ್ತಿತ್ತು ನನಗ. ತಡಾ ಮಾಡಿದ್ದು ನಾನು."

ನಾಲ್ಕು ನಿಮಿಷ ಮೊದಲು ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಆತ ಕೇಳಿದ. ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನೇ ಅವಳು ಹೇಳಿದಳು. ಆತ ಅವಳನ್ನು ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ಒಂದೊಂದೇ ಅಕ್ಷರ ಜೋಡಿಸಿ ಹೇಳಿದ: "ನನ್ನ ಮಾತು ಮುಗಿಯೂತನಕ ಕಾಯತಿದ್ದಾಕಿ ಅಕಿ ಒಬ್ಬಾಕೇ."

ಮರುದಿನ ಇಂದುಮತಿಯನ್ನು ಕೆಲಸದಿಂದ ತೆಗೆದರು. ಹೋಗುವ ಮುಂಚೆ ನನ್ನ ಬದಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಬೇರೆ ಯಾವ ಕಂಪ್ಯೂಟರನ್ನೂ ಅವಳು ಮತ್ತೆ ಮುಟ್ಟಲಿಲ್ಲವೆಂದು, ತವರೂರಲ್ಲಿ ಹೂ ಕಟ್ಟುತ್ತಿದ್ದಾಳೆಂದು ಕಸ್ತೂರಿ ಒಮ್ಮೆ ಯಾರಿಗೋ ಹೇಳುತ್ತಿದ್ದಳು.

ಈಗ ನನಗೂ ವಯಸ್ಸಾಯಿತು. ಹೊಸ ಸರ್ವರ್ ಬಂದ ಮೇಲೆ ನನ್ನನ್ನು ಹಳೆಯ ಟೈರು, ಮುರಿದ ಸ್ಟ್ರೆಚರುಗಳ ಜೊತೆ ಹಿತ್ತಲಿನ ಕೋಣೆಗೆ ಹಾಕಿದ್ದಾರೆ. ಫ್ಯಾನಿನ ಜಾಗದಲ್ಲಿ ಜೇಡ ಬಲೆ ಕಟ್ಟಿದೆ. ಅವಳು ತಿದ್ದಿದ ಮೇಲೆ ಆರು ವರ್ಷ ದುಡಿದೆ, ಒಮ್ಮೆಯೂ ನಿಲ್ಲಲಿಲ್ಲ. ಎಷ್ಟೋ ಜನ ಉಳಿದರು. ಆದರೂ ನನ್ನ ನೆನಪು ಹೋಗಿ ನಿಲ್ಲುವುದು ಒಂದು ಬೆಳಗಿನ ಬಳಿ.

ಇಂದುಮತಿ ಹೋಗಿ ಎಂಟು ತಿಂಗಳಾಗಿತ್ತು. ಕಸ್ತೂರಿ ರಜೆಯಲ್ಲಿದ್ದಳು, ಅವಳ ಜಾಗದಲ್ಲಿ ಕೂತವಳಿಗೆ ಹಿಂದಿನದೇನೂ ಗೊತ್ತಿರಲಿಲ್ಲ. ಹೊಟ್ಟು ಮೆತ್ತಿದ ಚಪ್ಪಲಿಗಳು ಒಳಗೆ ಬಂದವು. ಯಾರು ಬೇಕು, ಏನು ಬೇಕೆಂದು ಅವಳು ಕೇಳಿದಳು.

"ಇಂ..." ಎಂದ ಫಕೀರಪ್ಪ. "ಇಂ... ಇಂ..."

"ಇಂಜೆಕ್ಷನ್ನಾ? ದವಾಖಾನಿ ಎದುರಿಗೈತಿ ನೋಡ್ರಿ" ಎಂದು ಅವಳು ಫೋನು ಎತ್ತಿಕೊಂಡಳು.

ಆ ಕಾಲುಗಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದವು. ಆಮೇಲೆ ತಿರುಗಿ ಹೊರಗೆ ಹೋದವು.