ಬಂಡಮ್ಮನ ಕುರಿಗಳ ಲೆಕ್ಕ

ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾದ ಬಸ್ ಸ್ಟ್ಯಾಂಡ್ ಎದುರು, ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಕುರಿಗಾರರು ಒಟ್ಟಾಗಿ ಕುರಿ ಮಾರಲು ಕಟ್ಟಿದ ಕಂಪನಿಯ ಆಫೀಸು. ಬೆಳಿಗ್ಗೆ ಬಾಗಿಲು ತೆರೆಯುವವರು ಅಧ್ಯಕ್ಷ ಅಮೃತಪ್ಪನವರೇ. ಅವರು ಕಂಪ್ಯೂಟರಿನ ಹಣೆಗೆ ಕುರಿಗಾರರ ದೇವರು ಬೀರಪ್ಪನ ಅರಿಶಿನ ಭಂಡಾರ ಒಂದು ಚಿಟಿಕೆ ಹಚ್ಚಿ, ಕೈಮುಗಿದು, ಕೆಳಗಿನ ಚಹಾ ಗಾಡಿಯವನಿಗೂ ಕೇಳುವಂತೆ ಕೂಗುತ್ತಿದ್ದರು:

"ಬೀರಪ್ಪ ಒಂದು ಎರಡು ಮೂರು! ಪೂನಮ, ಹೊಡಿ!"

ಅದು ಜಯಕಾರವಲ್ಲ, ಕಂಪನಿಯ ಪಾಸ್‌ವರ್ಡ್. ಕಂಪ್ಯೂಟರ್ ನೋಡಿಕೊಳ್ಳುವ ಪೂನಮ ಅದನ್ನು ಒತ್ತಿದರೆ ಸಾಕು, ಕುರಿಗಾರರೆಲ್ಲರ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆ, ಕುರಿಗಳ ಲೆಕ್ಕ, ಹಿಂಡು ಯಾವ ಊರಿನ ಯಾರ ಹೊಲದಲ್ಲಿದೆ ಎಂಬುದು ಎಲ್ಲವೂ ಪರದೆಯ ಮೇಲೆ ಬರುತ್ತಿತ್ತು.

"ಕಾಕಾ, ಇದನ್ನ ಬದಲ್ ಮಾಡೂನ್ರಿ" ಎಂದು ಪೂನಮ ಎಷ್ಟೋ ಸಲ ಹೇಳಿದ್ದಳು. "ಚಹಾ ಗಾಡಿಯಂವಗೂ ಬಾಯಿಪಾಠ ಆಗ್ಯಾದ."

"ಹುಚ್ಚಿ! ಇಲ್ಲಿ ಬರೋರೆಲ್ಲಾ ನಮ್ಮ ಮಂದಿ. ನಮ್ಮ ಮಂದಿ ಮುಂದ ಕೀಲಿ ಹಾಕಿದ್ರ ಕಳ್ಳರು ಅಂದಂಗ ಆಗ್ತದ. ಕಂಪನಿ ಕಟ್ಟಿದ್ದು ನಂಬಿಕಿ ಮ್ಯಾಲ."

ಮಾತೇನೋ ಚೆಂದ. ಇಂಥ ಚೆಂದದ ಮಾತು ಆಡಿದವರಿಗೆ ಏನೂ ಆಗುವುದಿಲ್ಲ, ನಂಬಿ ಕೂತವರ ಮನೆಗೆ ಬೆಂಕಿ ಬೀಳುತ್ತದೆ.

ಅಮೃತಪ್ಪನವರಿಗೆ ಗುಟ್ಟು ಕಾಯುವುದು ಗೊತ್ತಿರಲಿಲ್ಲ ಎಂದಲ್ಲ. ಬೀರಪ್ಪನ ಒಕ್ಕಲಿನ ಕುರಿಗಾರರು ಕುರಿಗಳ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕಣ್ಣು ತಾಗುತ್ತದೆ. ಯಾರಾದರೂ "ಎಷ್ಟು ಕುರಿ ಅದಾವ?" ಎಂದರೆ "ಬೀರಪ್ಪ ಕೊಟ್ಟಷ್ಟು" ಎನ್ನುತ್ತಾರೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ಮಾಲೀಕ ಮನಸ್ಸಿನಲ್ಲೇ ಎಣಿಸುವಾಗ ಪಕ್ಕದಲ್ಲಿ ನಿಂತವರು, ಸ್ವಂತ ಅಳಿಯನಾದರೂ, ಮುಖ ಆಚೆ ತಿರುಗಿಸಬೇಕು. ವಿಮೆಗೆ ಬೇಕೇ ಬೇಕು ಎಂದಾಗ ಒಬ್ಬೊಬ್ಬರೇ ಬಂದು ಪೂನಮಳ ಕಿವಿಯಲ್ಲಿ ಪಿಸುಗುಟ್ಟಿ ಹೋಗಿದ್ದರು. ಅಮೃತಪ್ಪನವರೂ ಹಾಗೇ.

ಅಂದು ಸೋಮವಾರ. ಆಫೀಸಿನಲ್ಲಿ ಕುರಿಗಾರರು ಕೆಲವರು ಸೇರಿದ್ದರು. ಕಂಪ್ಯೂಟರಿನಲ್ಲಿ ಡೊಳ್ಳಿನ ಪದ ಜೋರಾಗಿ ಮೊಳಗುತ್ತಿತ್ತು, ಅಮೃತಪ್ಪನವರು ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಯೆಣೆಗೂರಿನ ಬಂಡಮ್ಮ ಮೆಟ್ಟಿಲೇರಿ ಬಂದಳು.

"ಅದರ ಬಾಯಿ ಮುಚ್ಚಸ್ರಿ ಮೊದಲ!"

ಪೂನಮ ಹಾಡು ನಿಲ್ಲಿಸಿದಳು.

"ಯಾಕಕ್ಕಾ, ಏನಾತು?" ಎಂದರು ಅಮೃತಪ್ಪ.

"ಮುಂಜಾನಿ ಯಾಂವೋ ಫೋನ್ ಮಾಡಿದ್ದಾ. ಮಾವಶಿ, ಮಾವಶಿ ಅಂತ ಮರಾಠಿದಾಗ ಭಾಳ ಬೆಲ್ಲ ಹಚ್ಚಿದ. ನಾ ಕಂಪನಿಯಂವಾ, ನಿಮ್ಮ ಕುರಿ ವಿಮಾ ಪಾಸ್ ಆಗ್ಯಾದ, ಫೋನಿಗಿ ಒಂದ್ ನಂಬರ್ ಬಂದದ, ಹೇಳ್ರಿ ಅಂದ. ನನಗ ಓದಾಕ ಬರಂಗಿಲ್ಲಪಾ, ನೀ ಹೊಲಕ್ಕ ಬಾ, ನಮ್ಮ ನಾಯಿ ಓದಿ ಹೇಳ್ತದ ಅಂದೆ."

ಆಫೀಸೆಲ್ಲ ಗೊಳ್ಳೆಂದು ನಕ್ಕಿತು. ಬಂಡಮ್ಮ ನಗಲಿಲ್ಲ.

"ಹಲ್ಲ ಕಿಸೀಬ್ಯಾಡ್ರಿ. ಹಿಂಡು ಯಾರ ಹೊಲದಾಗ ಕುಂತದ ಅಂತ ಅವಗ ಗೊತ್ತದ. ನನ್ನ ಕುರಿ ಎಷ್ಟು ಅಂತನೂ ಹೇಳಿದ ಅಮೃತಪ್ಪಾ! ಒಂದ್ ಮರಿ ಹೆಚ್ಚಿಲ್ಲ, ಒಂದ್ ಮರಿ ಕಡಿಮಿಲ್ಲ. ನಾ ನನ್ನ ಸೊಸಿಗೂ ಹೇಳಿಲ್ಲ! ಇವತ್ತು ಫೋನ್ ಮಾಡಿದಂವಾ ನಾಳಿ ಗಾಡಿ ತಗೊಂಡ್ ಬರಂಗಿಲ್ಲ ಅಂತ ಯಾ ಖಾತ್ರಿ? ನನ್ನ ಹೆಸರ ತಗೀರಿ. ನಮ್ಮ ಯೆಣೆಗೂರ ಮಂದಿ ಕೆಳಗ ಚಹಾ ಕುಡಕೋತ ನಿಂತಾರ. ನಾ ಇಳಿದು ಏನ್ ಹೇಳ್ತೀನೋ ಅವರೂ ಅದನ್ನೇ ಮಾಡ್ತಾರ."

ಅಮೃತಪ್ಪನವರ ಮುಖ ಸಪ್ಪಗಾಯಿತು. ಕಂಪನಿಯ ಅರ್ಧಕ್ಕಿಂತ ಹೆಚ್ಚು ಕುರಿಗಳು ಯೆಣೆಗೂರಿನವು. ಅವರು ಹೊರಟರೆ ಕಂಪನಿ ಮುಗಿದಂತೆ. ಮತ್ತೆ ಒಬ್ಬೊಬ್ಬರೇ ಟಗರು ಹಿಡಿದು ದಲ್ಲಾಳಿಯ ಮುಂದೆ ನಿಲ್ಲಬೇಕು, ಅವನು ಹೇಳಿದ್ದೇ ದರ. ಗಾಬರಿಯಲ್ಲಿ ಅವರ ಬೆರಳು ಪೂನಮಳ ಕಡೆ ಹೋಯಿತು.

"ಲೆಕ್ಕ ಹೇಳಿದ್ದು ನಿನ್ನ ಕಿವ್ಯಾಗ. ನೀ ಯಾರಿಗ್ಯರ..."

ಪೂನಮಳ ಕಣ್ಣು ತುಂಬಿತು, ದನಿ ಮಾತ್ರ ಬಗ್ಗಲಿಲ್ಲ. "ಕಾಕಾ, ಈ ಡೊಳ್ಳಿನ ಪದ ಇದರಾಗ ಯಾರು ಹಾಕ್ಯಾರ್ರಿ? ನಾ ಅಂತೂ ಹಾಕಿಲ್ಲ."

"ಪದನಾ? ಅದು... ಉದಗೀರದಿಂದ ಒಬ್ಬ ಹುಡುಗ ಬಂದಿದ್ದಾ. ನೀ ರಜಾ ಇದ್ದಿ ಅವತ್ತ. ನಾ ನಿಮ್ಮ ಬೀಗರ ಓಣಿಯಂವಾ, ಪೆನ್ ಡ್ರೈವಿನಾಗ ಬೀರಪ್ಪನ ಪದ ತಂದೀನಿ, ಹಾಕಿ ಕೊಡ್ತೀನಿ ಅಂದ."

"ನೀವು ಬಾಜೂಕೇ ಕುಂತಿದ್ರೇನ್ರಿ?"

"ಬೀಗರ ಊರಾಂವಾ. ಚಹಾ ಹೇಳಬೇಕಲ್ಲ? ಕೆಳಗ ಹೋಗಿದ್ದೆ."

"ಪಾಸ್‌ವರ್ಡ್?"

ಅಮೃತಪ್ಪನವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. "ನೀ ಇರದಿದ್ರೂ ರೂಢಿ ಬಿಡಲಿಲ್ಲ, ಕೂಗಿದೆ. ಅಂವಾ ಬಾಗಲ್ದಾಗೇ ನಿಂತಿದ್ದಾ."

"ಯಾವ ಬೀಗರು ಅಂತರ ಕೇಳಿದ್ಯೋ ಇಲ್ಲೋ?" ಎಂದಳು ಬಂಡಮ್ಮ.

"ಇಲ್ಲಕ್ಕಾ. ಪದ ಭಾಳ ಚೊಲೋ ಇತ್ತು."

ಪೂನಮ ಕಣ್ಣೊರೆಸಿಕೊಂಡು ಕೇಳಿದಳು: "ಕಾಕಾ, ನಿಮ್ಮ ಕುರಿ ಎಷ್ಟು ಅದಾವ್ರಿ?"

"ಬೀರಪ್ಪ ಕೊಟ್ಟ..." ಬಾಯಿಗೆ ರೂಢಿಯಾದ ಮಾತು ಅರ್ಧಕ್ಕೇ ನಿಂತಿತು. ಅಮೃತಪ್ಪನವರು ಭಂಡಾರ ಹಚ್ಚಿದ ಕಂಪ್ಯೂಟರನ್ನೇ ನೋಡಿದರು. ಅವರ ಲೆಕ್ಕವೂ ಅದರಲ್ಲೇ ಇತ್ತು. ಆ ಹುಡುಗನ ಜೇಬಿನಲ್ಲೂ ಇತ್ತು.

ಅವರು ಎದ್ದು ಕೆಳಗೆ ಹೋಗಿ ಚಹಾ ಗಾಡಿಯ ಮುಂದೆ ನಿಂತರು. "ನಮ್ಮ ಕುರಿ ಲೆಕ್ಕಾ ಕಳ್ಳರ ಕೈ ಸೇರ್ಯಾದ. ತಪ್ಪು ಹುಡುಗಿದಲ್ಲ, ನಂದು. ಹಿಂಡೆಲ್ಲಾ ಇವತ್ತೇ ಬ್ಯಾರೆ ಹೊಲಕ್ಕ ಹೊಡೀರಿ. ಯಾರ ಫೋನ್ ಬಂದ್ರೂ, ನಾನೇ ಮಾಡಿದ್ರೂ, ನಂಬರ್ ಹೇಳಬ್ಯಾಡ್ರಿ" ಎಂದರು. ಅಧ್ಯಕ್ಷನೊಬ್ಬ ರಸ್ತೆಯಲ್ಲಿ ನಿಂತು ತಪ್ಪು ಒಪ್ಪಿಕೊಂಡದ್ದನ್ನು ಆ ಮಂದಿ ಅಲ್ಲಿಯವರೆಗೆ ನೋಡಿರಲಿಲ್ಲ. ಏನು ಬೈಯಬೇಕೆಂದು ತಿಳಿಯದೆ ಒಬ್ಬ ಅವರಿಗೂ ಒಂದು ಕಪ್ ಚಹಾ ಹೇಳಿದ.

ಮೇಲೆ ಪೂನಮ ಕಂಪ್ಯೂಟರಿನಿಂದ ನೆಟ್ ವೈರು ಕಿತ್ತು, ಫೋನ್ ಹಿಡಿದು ಕುರಿಗಾರರಿಗೆಲ್ಲ ಸುದ್ದಿ ಮುಟ್ಟಿಸತೊಡಗಿದ್ದಳು. ಸಂಜೆಯೊಳಗೆ ಸೈಬರ್ ಪೊಲೀಸರಿಗೆ ದೂರೂ ಹೋಯಿತು.

ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತು ಎಲ್ಲ ನೋಡುತ್ತಿದ್ದ ಬಂಡಮ್ಮ ಕೋಲೂರಿ ಎದ್ದಳು. "ಹೆಸರ ಸದ್ಯಕ್ಕ ಇರ್ಲಿ. ಮುಂದಿನ ಸೋಮವಾರ ಬಂದು ನೋಡ್ತೀನಿ, ನೀವು ದೊಡ್ಡಿಗಿ ಬಾಗಲಾ ಹಚ್ಚೀರೋ ಇಲ್ಲೋ."

ಮುಂದಿನ ಸೋಮವಾರ ಅವಳು ಮೆಟ್ಟಿಲೇರಿದಾಗ ಅಮೃತಪ್ಪನವರು ಭಂಡಾರ ಹಚ್ಚುತ್ತಿದ್ದರು. ಕಂಪ್ಯೂಟರನ್ನು ಪೂರಾ ಸ್ವಚ್ಛ ಮಾಡಿಸಿದ್ದರು. ಪೆನ್ ಡ್ರೈವ್ ಚುಚ್ಚುವ ಜಾಗ ಬಂದ್ ಆಗಿತ್ತು, ಡೊಳ್ಳಿನ ಪದ ಅಮೃತಪ್ಪನವರ ಸ್ವಂತ ಫೋನಿಗೆ ಬಂದಿತ್ತು. ಈಗ ಪಾಸ್‌ವರ್ಡ್ ಪೂನಮಳದು ಬೇರೆ, ಅಧ್ಯಕ್ಷರದು ಬೇರೆ.

"ಬೀರಪ್ಪಾ!" ಎಂದಷ್ಟೇ ಕೂಗಿ ಅವರು ಕೈಮುಗಿದರು. ಪೂನಮಳ ಬೆರಳು ಕೀಲಿಗಳ ಮೇಲೆ ಇಳಿಯುತ್ತಿದ್ದಂತೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಬೆಂಚಿನ ಮೇಲೆ ಕೂತವರನ್ನೂ ಬಿಡಲಿಲ್ಲ.

"ಏ, ತಿರಗ್ರಿ ಆ ಕಡಿ! ಕುರಿ ಒಳಗ ಹೊಂಟಾವ."

ಬಂಡಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು. "ಹೊಸಾದು ಏನಿಟ್ಟೀರಿ ಅಮೃತಪ್ಪಾ? ನನಗರ ಹೇಳು, ನಾ ಏನ್ ಹೊರಗಿನಾಕಿ?"

ಅಮೃತಪ್ಪನವರು ಗೋಡೆಯಿಂದ ಮುಖ ತೆಗೆಯಲಿಲ್ಲ.

"ಬೀರಪ್ಪ ಕೊಟ್ಟದ್ದು ಇಟ್ಟೀವಕ್ಕಾ."

ಬಂಡಮ್ಮ ಕಂಬಳಿಯ ಅಂಚು ಬಾಯಿಗೆ ಹಿಡಿದು ಮೈಯೆಲ್ಲ ಕುಲುಕುವಂತೆ ನಕ್ಕಳು. ಆಮೇಲೆ ತಾನೂ ಬಸ್ ಸ್ಟ್ಯಾಂಡಿನ ಕಡೆ ಮುಖ ತಿರುಗಿಸಿ, ಪೂನಮ "ಆತ್ರಿ" ಅನ್ನುವವರೆಗೆ ಕಾದಳು.