ತೊಟ್ಟಿಲ ಎದುರಿನ ಕನ್ನಡಿ

ಮೊಮ್ಮಗಳನ್ನು ಎತ್ತಿಕೊಂಡು ಬರಬೇಕೆಂದೇ ನಾನು ಮಡಿಕೇರಿಯಲ್ಲಿ ನಾಪೋಕ್ಲು ಬಸ್ಸು ಹತ್ತಿದ್ದು. ಸುಳ್ಳೇಕೆ ಹೇಳಲಿ, ಬ್ಯಾಗಿನಲ್ಲಿ ಹಾಲಿನ ಪುಡಿಯ ಡಬ್ಬವೂ ಇತ್ತು. ಸೊಸೆ ಶ್ರೀಲಕ್ಷ್ಮಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮಗ ಮಧುಸೂದನ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ನಡುವೆ ಎಂಟು ತಿಂಗಳ ಕೂಸು ಅತ್ತರೆ ಕೇಳುವವರು ಯಾರು? ಅದು ಮಾತು ಕಲಿಯುವವರೆಗಾದರೂ ನನ್ನ ಹತ್ತಿರ ಇರಲಿ ಎಂದು ತೀರ್ಮಾನಿಸಿಬಿಟ್ಟಿದ್ದೆ. ಮೂವತ್ತೊಂದು ವರ್ಷ ಸ್ಕೂಲ್ ಟೀಚರ್ ಆಗಿದ್ದವಳು. ತೀರ್ಮಾನ ಮಾಡಿದ ಮೇಲೆ ಇನ್ನೊಬ್ಬರನ್ನು ಕೇಳುವ ಅಭ್ಯಾಸ ನನಗಿಲ್ಲ.

"ಎಂತ ಅಮ್ಮ ನೀನು! ಮೂರು ದಿನ ಇದ್ದು ನೋಡು. ಆಮೇಲೂ ಬೇಕು ಅನಿಸಿದ್ರೆ ಶ್ರೀಯನ್ನೇ ಕೇಳು," ಎಂದ ಮಗ, ಮನೆ ತಲುಪಿ ವಿಷಯ ಹೇಳಿದಾಗ.

ಶ್ರೀಯನ್ನು ಕೇಳುವುದು ಹೇಗೆ? ಮದುವೆಯಾಗಿ ಐದು ವರ್ಷವಾದರೂ ಅವಳ ಸನ್ನೆಭಾಷೆಯ ಒಂದಕ್ಷರ ನನಗೆ ಬರದು. ಏನಿದ್ದರೂ ಮಗನೇ ನಡುವೆ ನಿಂತು ಹೇಳಬೇಕಿತ್ತು.

ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಸೂಜಿ, ಕತ್ತರಿ ಕೈಗೆ ಸಿಗಬಾರದೆಂದು ತೊಟ್ಟಿಲನ್ನು ಬೆನ್ನ ಹಿಂದೆ ದೂರದಲ್ಲಿ ಇಟ್ಟಿದ್ದಳು. ಗಿರಾಕಿಗಳ ಆಳೆತ್ತರದ ಕನ್ನಡಿ ಮಾತ್ರ ಮಿಷನ್ನಿನ ಎದುರಿಗೇ ಇತ್ತು. ಬೊಳ್ಳಮ್ಮ ಎಂಬ ಗಿರಾಕಿ ಬಂದು, ರವಿಕೆಯ ತೋಳು ಬಿಗಿಯೆಂದು ಕೈಯಲ್ಲೇ ಹೇಳಿದಳು. ಜೊತೆಗೆ ತನ್ನ ಗಂಡನ ಹೊಟ್ಟೆಯನ್ನೂ ಕೈಯಲ್ಲೇ ಆಡಿಕೊಂಡಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ಹೊಟ್ಟೆ ಉರಿಯಿತು.

ಮೊದಲ ದಿನ ಅಡುಗೆಮನೆಯಲ್ಲಿ ನನ್ನ ತೊಡೆಯ ಮೇಲಿದ್ದ ಕೂಸು ಸೂರು ಹಾರಿಹೋಗುವಂತೆ ಅತ್ತಿತು. ಆಚೆ ಶ್ರೀ ಹೊಲಿಯುತ್ತಲೇ ಇದ್ದಳು. ನಾನು ಹೇಳಿದ್ದೇ ಸರಿಯಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಎರಡನೇ ದಿನ ಒಂದು ಕೆಟ್ಟ ಕೆಲಸ ಮಾಡಿದೆ. ಸಂತೆಗೆ ಹೋಗುತ್ತೇನೆಂದು ಚೀಲ ತೋರಿಸಿ ಹೊರಟು, ಅವಳು ಒಳಗೆ ಹೋದಾಗ ಹಿಂತಿರುಗಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಅಡಗಿ ನಿಂತೆ. ಅವಳು ಬಂದು ಮಿಷನ್ ತುಳಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಕೂಸು ಎದ್ದಿತು. ಈಗ ಅಳುತ್ತದೆ, ಇವಳಿಗೆ ಗೊತ್ತಾಗುವುದಿಲ್ಲ ಎಂದು ಕಾದೆ.

ಕೂಸು ಬಾಯಿ ಅಗಲಿಸಿತು, ಮುಖ ಕಿವುಚಿತು. ಸದ್ದೇ ಇಲ್ಲ! ಕಣ್ಣು ಎದುರಿನ ಕನ್ನಡಿಯ ಮೇಲೆ. ಶ್ರೀ ಒಂದೊಂದು ಹೊಲಿಗೆ ಮುಗಿದಾಗಲೂ ತಲೆಯೆತ್ತಿ ಕನ್ನಡಿ ನೋಡುತ್ತಿದ್ದಳು. ಕೂಸು ಅದಕ್ಕೇ ಕಾಯುತ್ತಿತ್ತು. ಕಣ್ಣು ಕೂಡಿದ್ದೇ, ಹಸುವಿನ ಹಾಲು ಕರೆಯುವಂತೆ ಮುಷ್ಟಿ ಮಡಚಿ ಬಿಡಿಸಿತು. ಅವಳು ಎದ್ದು ಬಂದು ಎದೆಗೆ ಹಚ್ಚಿಕೊಂಡಳು.

ನಾನು ಪರದೆ ಸರಿಸಿ ಈಚೆ ಬಂದೆ. ನನ್ನನ್ನು ಕಂಡದ್ದೇ ತಡ, ಕೂಸು ಹಾಲು ಬಿಟ್ಟು ಗಟ್ಟಿಯಾಗಿ ಕಿರುಚಿತು. ಅಮ್ಮನನ್ನು ಕಣ್ಣು ಕೈಯಿಂದ, ಕಿವಿ ಕೇಳುವ ನನ್ನನ್ನು ದನಿಯಿಂದ; ಯಾರನ್ನು ಹೇಗೆ ಕರೆಯಬೇಕೆಂದು ಅದಕ್ಕೆ ಆಗಲೇ ಗೊತ್ತಿತ್ತು. ಹಿಂದಿನ ದಿನ ನನ್ನ ತೊಡೆಯ ಮೇಲೂ ಅದು ಮುಷ್ಟಿ ಮಡಚಿತ್ತೋ ಏನೋ. ನಾನು ಅದರ ಮುಖವನ್ನೇ ನೋಡಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಮೂರನೇ ದಿನ, ಐದು ವರ್ಷದಲ್ಲಿ ಹೊಳೆಯದ್ದು ಹೊಳೆದು, ಅವಳ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಕಪ್ಪು ಬಟ್ಟೆಯ ತುಂಡೊಂದರ ಮೇಲೆ ಬರೆದೆ: "ಕೂಸನ್ನು ಕರೆದುಕೊಂಡು ಹೋಗಲು ಬಂದಿದ್ದೆ. ತಪ್ಪಾಯಿತು."

ಶ್ರೀ ಓದಿ, ಕೆಳಗೆ ಬರೆದಳು: "ಗೊತ್ತಿತ್ತು ಅತ್ತೆ. ಹೆದರಿಕೊಂಡೇ ಹೊಲಿಯುತ್ತಿದ್ದೆ. ಒಂದೇ ತೋಳನ್ನು ಆರು ಸಲ ಬಿಚ್ಚಿದೆ."

ನನಗೆ ಅಳು ತಡೆಯಲಾಗಲಿಲ್ಲ. ಅವಳು ನನ್ನ ಕೈ ಹಿಡಿದು, ಉಳಿದ ಜಾಗದಲ್ಲಿ ಬರೆದಳು: "ಅವಳಿಗೆ ಬಾಯಿಮಾತು ಕಲಿಸಲು ನೀವು ಬೇಕು. ಇಲ್ಲೇ ಇರ್ತೀರಾ?"

ಇದ್ದೇನೆ, ತಿಂಗಳಾಯಿತು. ಬೆಳಿಗ್ಗೆ ನಾನು ಕೂಸಿಗೆ ಅಜ್ಜಿ, ಕಾಗೆ, ಬಸ್ಸು ಎಂದು ಹೇಳಿಕೊಡುತ್ತೇನೆ. ಮಧ್ಯಾಹ್ನ ಶ್ರೀ ನಮ್ಮಿಬ್ಬರಿಗೂ ಕೈಮಾತು ಕಲಿಸುತ್ತಾಳೆ. ನನ್ನ ಬೆರಳುಗಳು ಮಾತು ಕೇಳುವುದಿಲ್ಲ, ಅತ್ತೆ ಸೊಸೆ ಇಬ್ಬರೂ ನಗುತ್ತೇವೆ. ನಿನ್ನೆ ಶ್ರೀ ಬಟ್ಟೆ ಒಣಹಾಕಲು ಹೋಗಿದ್ದಾಗ ಕೂಸು ನಿದ್ದೆಯಿಂದ ಎದ್ದು ನನ್ನ ಕಡೆ ತಿರುಗಿತು. ಅಳಲಿಲ್ಲ. ನಾನು ನೋಡುತ್ತೇನೆಂದು ಕಾಯುತ್ತಿತ್ತು.