ಹೊಡೆದುಹಾಕಿದ ಪದ್ಯ

ಕೆಸರಿನ ಸೂಕ್ಷ್ಮಾಣುವಿನೊಳಗಿಂದ ಒಂದು ಕಿಣ್ವವನ್ನು ಬೇರ್ಪಡಿಸಲು ಪ್ರಯೋಗಾಲಯದ ಅಕ್ಕನಿಗೆ ಒಂಬತ್ತು ವರ್ಷ ಹಿಡಿದಿತ್ತು. ಸಿಕ್ಕಿದ್ದು ಮೂರು ಪುಟ್ಟ ಸೀಸೆಯಷ್ಟು ಕಂದು ದ್ರವ. ಗಾಳಿ ಸೋಕಿದರೆ ಸಾಯುತ್ತದೆ. ಬದುಕಿದ್ದರೆ ಗಂಧಕದ ಲವಣವನ್ನು ಒಡೆದು ಕೊಳೆತ ಮೊಟ್ಟೆಯ ವಾಸನೆ ಎಬ್ಬಿಸುತ್ತದೆ.

ಅದಕ್ಕೇ ಅವಳು ಕಿಣ್ವ ಸುರಿಯುವ ಮೊದಲು ಆ ಲವಣದ ದ್ರಾವಣದೊಳಗೆ ನೈಟ್ರೋಜನ್ ಗುಳ್ಳೆ ಬಿಟ್ಟು ಆಮ್ಲಜನಕವನ್ನೆಲ್ಲ ಓಡಿಸುತ್ತಿದ್ದಳು. ಗಡಿಯಾರ ನೋಡುತ್ತಿರಲಿಲ್ಲ. ಅಜ್ಜ ಬಾಯಿಪಾಠ ಮಾಡಿಸಿದ್ದ ದೇವರ ಪದ್ಯವನ್ನು ಮೆಲ್ಲಗೆ ಹೇಳಿಕೊಂಡು, ಕೊನೆಯ ಚರಣಕ್ಕೆ ಕೊಳವೆ ತೆಗೆಯುವಳು. ಇಪ್ಪತ್ತೆರಡು ನಿಮಿಷ.

ಈ ಕೆಲಸದ ಪ್ರಬಂಧ ಅಚ್ಚಾಯಿತು, ಪ್ರಯೋಗಾಲಯದ ಮುಖ್ಯಸ್ಥನದೊಂದೇ ಹೆಸರು ಹೊತ್ತು. ಕೇಳಿದ್ದಕ್ಕೆ ಅವನು ನಕ್ಕಿದ್ದ.

“ಕೈಕೆಲಸಕ್ಕೆಲ್ಲ ಹೆಸರು ಹಾಕ್ತಾರಾ ಅಕ್ಕಾ? ನಿನ್ನ ನೋಟ್‌ಬುಕ್ಕಲ್ಲಿ ‘ಪದ್ಯ ಮುಗಿಯೋವರೆಗೆ’ ಅಂತ ಬೇರೆ! ಹೊಡೆದುಹಾಕಿ ಐದು ನಿಮಿಷ ಅಂತ ಬರೆದೆ.”

ಅವಳು ತಿದ್ದಲಿಲ್ಲ. ಹಲ್ಲು ಕಚ್ಚಿ ಹನ್ನೊಂದು ತಿಂಗಳು ಕಾದಳು.

ಬಹುಮಾನಕ್ಕೆ ಯೋಗ್ಯವೋ ಎಂದು ನೋಡಲು ಮೂವರು ಪರೀಕ್ಷಕರು ಬಂದ ದಿನ ಮುಖ್ಯಸ್ಥ ತಾನೇ ಕೈಗವಸು ತೊಟ್ಟ. ಐದು ನಿಮಿಷ ಗುಳ್ಳೆ ಬಿಟ್ಟು ಕಿಣ್ವ ಸುರಿದ. ಕಂದು ಬಣ್ಣ ಕಣ್ಣೆದುರೇ ಬಿಳಚಿಕೊಂಡಿತು. ಮೂವರೂ ಮೂಗು ಚಾಚಿದರು. ವಾಸನೆಯ ಸುಳಿವೇ ಇಲ್ಲ. ಎರಡನೆಯ ಸೀಸೆಯದೂ ಅದೇ ಗತಿ.

“ಕಟ್ಟಿರೋದು ನಮ್ಮ ಮೂಗಾ?” ಎಂದರು ಹಿರಿಯ ಪರೀಕ್ಷಕಿ.

“ಅಕ್ಕಾ, ಏನಾದ್ರೂ ಮಾಡು,” ಮುಖ್ಯಸ್ಥ ಪಿಸುಗುಟ್ಟಿದ.

“ನಂದು ಕೈಕೆಲಸ ಮಾತ್ರ ಸಾರ್,” ಎಂದಳು, ಎಲ್ಲರಿಗೂ ಕೇಳುವಂತೆ. “ಪದ್ಯ ಹೊಡೆದುಹಾಕಿದೋರು ನೀವು.”

“ಯಾವ ಪದ್ಯ?” ಪರೀಕ್ಷಕಿ ಕೇಳಿದರು.

“ಹೇಳ್ತೀನಮ್ಮಾ. ಮುಗಿಯೋವರೆಗೆ ಯಾರೂ ಬಾಯಿ ಬಿಡಬಾರದು. ಸಾರ್ ಕೂಡ.”

ಗುಳ್ಳೆ ಬಿಟ್ಟು ಗಂಟಲು ಸರಿಮಾಡಿಕೊಂಡಳು. ಬೇಕೆಂದೇ ಒಂದೊಂದು ಚರಣವನ್ನೂ ಎರಡೆರಡು ಸಲ ಹೇಳಿದಳು. ದೇವರು ಕ್ಷಮಿಸಲಿ, ಬಾಯಲ್ಲಿ ಅವನ ನಾಮವಿದ್ದರೂ ಕಣ್ಣು ನೆಟ್ಟಿದ್ದು ಮುಖ್ಯಸ್ಥನ ಮುಖದ ಮೇಲೆ. ಆ ಮುಖ ಕೆಂಪಾಗಿ, ಆಮೇಲೆ ಕಪ್ಪಿಟ್ಟಿತು. ಅವನು ಏನೋ ಹೇಳಹೊರಟಾಗ ಪರೀಕ್ಷಕಿ ಬೆರಳೆತ್ತಿ ಸುಮ್ಮನಾಗಿಸಿದರು.

ಪದ್ಯ ಮುಗಿಯಿತು. ಕೊನೆಯ ಸೀಸೆ ಸುರಿದಳು. ಸ್ವಲ್ಪ ಹೊತ್ತಿಗೆ ಕೊಳೆತ ಮೊಟ್ಟೆಯ ವಾಸನೆ ಗಮ್ಮೆಂದು ಎದ್ದು ಕೋಣೆಯನ್ನೆಲ್ಲ ತುಂಬಿತು.

ಪರೀಕ್ಷಕಿ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದರಲ್ಲಿ ಅಚ್ಚಾದ ಪ್ರಬಂಧವನ್ನೂ ಪೆನ್ನನ್ನೂ ಮುಖ್ಯಸ್ಥನ ಮುಂದೆ ತಳ್ಳಿದರು. “ಮಾಡಿದವರ ಹೆಸರು ಬರೀರಿ. ಇಲ್ಲದಿದ್ದರೆ ನಾವೇ ಬರೀತೀವಿ.”

ಅವನು ತನ್ನ ಹೆಸರು ಹೊಡೆದುಹಾಕಿ ಅಕ್ಕನದನ್ನು ಬರೆದ. ಕೆಮ್ಮು ತಡೆಯಲಾಗಲಿಲ್ಲ.

“ಅಕ್ಕಾ, ಕಿಟಕಿ ತೆಗಿ…”

“ಇನ್ನೊಂದು ಐದು ನಿಮಿಷ ಇರಲಿ ಸಾರ್.”